ಶಾಲೆಯ ತಿಂಡಿ ಪಟ್ಟಿ: ಶನಿವಾರದ ಸಭೆಗೆ ಏನು ಕೇಳೋಣ?

ಗುಂಪಿನ ನಿರ್ವಾಹಕರು
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಶಾಲೆಯಲ್ಲಿ ಬೆಳಗಿನ ಬಿಡುವಿನಲ್ಲಿ ಮಕ್ಕಳಿಗೆ ಕೊಡುವ ತಿಂಡಿಯ ಬಗ್ಗೆ ಬಿಡಿಬಿಡಿಯಾಗಿ ಸಂದೇಶಗಳು ಬರುತ್ತಿವೆ. ಎಲ್ಲ ಒಂದೇ ಕಡೆ ಸೇರಲಿ. ಈ ತಿಂಗಳ ಪಟ್ಟಿ: ಸೋಮವಾರ ಕ್ರೀಮ್ ಬಿಸ್ಕತ್ತು, ಮಾವಿನ ಪ್ಯಾಕೆಟ್ ಜ್ಯೂಸ್. ಮಂಗಳವಾರ ಆಲೂ ಬೋಂಡ. ಬುಧವಾರ ಬನ್ನು, ಜಾಮ್. ಗುರುವಾರ ನೂಡಲ್ಸ್. ಶುಕ್ರವಾರ ಪಫ್ಸ್. ತಿಂಡಿ ತಗೊಳ್ಳುವ ಮಕ್ಕಳು ಸುಮಾರು 180.

ಶನಿವಾರ ಆಡಳಿತ ಮಂಡಳಿ ಜೊತೆ ಸಭೆ ಇದೆ. "ಒಳ್ಳೆ ತಿಂಡಿ ಕೊಡಿ" ಅಂದರೆ "ಆಯ್ತು, ನೋಡೋಣ" ಅಂತ ಎದ್ದು ಹೋಗ್ತಾರೆ. ಯಾವುದು ಬೇಡ, ಅದರ ಬದಲು ಏನು, ಎಷ್ಟು ಸಾಮಾನು, ಎಷ್ಟು ಖರ್ಚು ಅನ್ನೋದು ಕಾಗದದಲ್ಲಿ ಇರಬೇಕು. ತಿಳಿದವರು ಬರೆಯಿರಿ. ದಯವಿಟ್ಟು ಫಾರ್ವರ್ಡ್ ವಿಡಿಯೊ ಬೇಡ.

ಆಹಾರತಜ್ಞೆ, 4ನೇ ಅಡ್ಡರಸ್ತೆ
ಮೊದಲು ಸೋಮವಾರದ ಲೆಕ್ಕ ನೋಡಿ, ವಾರದಲ್ಲಿ ಅತಿ ಕೆಟ್ಟ ದಿನ ಅದೇ. ಕ್ರೀಮ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಸಕ್ಕರೆ ಸಾಮಾನ್ಯವಾಗಿ 30 ಗ್ರಾಂ ದಾಟಿರುತ್ತೆ. ನಾಲ್ಕು ಬಿಸ್ಕತ್ತು 40 ಗ್ರಾಂ ತೂಗಿದರೆ ಸಕ್ಕರೆ 12 ಗ್ರಾಂ. ಮಾವಿನ ಪಾನೀಯದಲ್ಲಿ 100 ಮಿಲಿಗೆ ಸುಮಾರು 13 ಗ್ರಾಂ, ಅಂದರೆ 150 ಮಿಲಿ ಪೊಟ್ಟಣಕ್ಕೆ ಇನ್ನೊಂದು 19–20 ಗ್ರಾಂ. ಬಿಡುವಿನ ಹದಿನೈದು ನಿಮಿಷದಲ್ಲಿ 30 ಗ್ರಾಂ ಮೇಲೆ.

ಈಗ ಮಿತಿ ಎಷ್ಟು ಅಂತ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 1,700 ಕಿಲೊಕ್ಯಾಲೊರಿ ಬೇಕು ಅನ್ನೋದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ. 2025ರ ಮೇನಲ್ಲಿ ಸಿಬಿಎಸ್‌ಇ ಶಾಲೆಗಳಿಗೆ "ಶುಗರ್ ಬೋರ್ಡ್" (ಸಕ್ಕರೆ ಪ್ರಮಾಣ ತಿಳಿಸುವ ಫಲಕ) ಹಾಕಿ ಅಂತ ಸುತ್ತೋಲೆ ಕಳಿಸಿದಾಗ, ಸಕ್ಕರೆಯಿಂದ ಬರುವ ಕ್ಯಾಲೊರಿ ಶೇ 5ರೊಳಗೆ ಇರಬೇಕು, ಆದರೆ 4ರಿಂದ 10 ವರ್ಷದ ಮಕ್ಕಳಲ್ಲಿ ಅದು ಶೇ 13 ಇದೆ ಅಂತ ಹೇಳಿತ್ತು. 1,700ರ ಶೇ 5 ಅಂದರೆ 85 ಕಿಲೊಕ್ಯಾಲೊರಿ. ಗ್ರಾಂ ಸಕ್ಕರೆಗೆ 4ರಂತೆ ಭಾಗಿಸಿ, 21 ಗ್ರಾಂ ಬರುತ್ತೆ. ಇಡೀ ದಿನಕ್ಕೆ ಅಷ್ಟು. ಬೆಳಗ್ಗೆ ಹಾಲಿಗೆ ಹಾಕಿದ ಸಕ್ಕರೆ ಇನ್ನೂ ಸೇರಿಸಿಲ್ಲ. ಎಲ್‌ಕೆಜಿ ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, ಸುಮಾರು 17 ಗ್ರಾಂ.

ಪೊಟ್ಟಣದ ಹಿಂಭಾಗ ಓದುವಾಗ ಎರಡು ಕಡೆ ಕಣ್ಣು ಹೋಗಲಿ. ಸಾಮಗ್ರಿ ಪಟ್ಟಿಯಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರುತ್ತೆ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಈ ಮೂರೇ ಮೊದಲ ಮೂರು ಆಗಿದ್ದರೆ ಮುಂದೆ ಓದುವ ಅಗತ್ಯ ಇಲ್ಲ. ಎರಡನೆಯದು, ಸಕ್ಕರೆ ಬೇರೆ ಹೆಸರಲ್ಲಿ ಬಂದಿರುತ್ತೆ: ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್. ಮಾಲ್ಟೊಡೆಕ್ಸ್‌ಟ್ರಿನ್ ಹೆಸರಿಗೆ ಸಕ್ಕರೆ ಅಲ್ಲ, ಆದರೆ ಮೈಯಲ್ಲಿ ಹೆಚ್ಚುಕಡಿಮೆ ಅದರ ಹಾಗೇ ಕೆಲಸ ಮಾಡುತ್ತೆ. ಬುಧವಾರದ ಬನ್ನನ್ನು "ಬ್ರೌನ್" ಮಾಡಿಕೊಡ್ತೀವಿ ಅಂದರೆ ಒಪ್ಪಬೇಡಿ. ಪಟ್ಟಿಯಲ್ಲಿ ಮೊದಲ ಹೆಸರು ಇಡೀ ಗೋಧಿ ಹಿಟ್ಟು ಇಲ್ಲದಿದ್ದರೆ, ಆ ಕಂದು ಬಣ್ಣ ಪೊಟ್ಟಣದ ಮೇಲೆ ಐಎನ್‌ಎಸ್ 150 ಅನ್ನೋ ಸಂಕೇತದಲ್ಲಿ ಬರೆಯುವ ಕ್ಯಾರಮೆಲ್ ಬಣ್ಣದಿಂದ ಬಂದಿರಬಹುದು.

2ನೇ ತರಗತಿ ಪೋಷಕರು, 2ನೇ ಅಡ್ಡರಸ್ತೆ
ಸಕ್ಕರೆ ವಿಷಯ ಸರಿ. ಬೋಂಡ ಮನೆಯಲ್ಲೂ ಮಾಡ್ತೀವಲ್ಲ, ಅದನ್ನೂ ತೆಗೆಸಬೇಕಾ?

ಅಡುಗೆ ಗುತ್ತಿಗೆ ಮಾಡುವವರು, 1ನೇ ಮುಖ್ಯರಸ್ತೆ
ಮನೆ ಬೋಂಡಕ್ಕೂ ದೊಡ್ಡ ಬಾಣಲೆ ಬೋಂಡಕ್ಕೂ ವ್ಯತ್ಯಾಸ ಎಣ್ಣೆಯದು. ಮನೆಯಲ್ಲಿ ಅರ್ಧ ಲೀಟರ್ ಕಾಯಿಸಿ, ಉಳಿದಿದ್ದು ಒಗ್ಗರಣೆಗೆ ಹೋಗಿ ಮುಗಿಯುತ್ತೆ. ದೊಡ್ಡ ಅಡುಗೆಯಲ್ಲಿ ಎಂಟು-ಹತ್ತು ಲೀಟರ್ ಬಾಣಲೆಯಲ್ಲೇ ಕೂತಿರುತ್ತೆ. ಕಡಿಮೆ ಆದಷ್ಟೂ ಮೇಲೆ ಹೊಸ ಎಣ್ಣೆ ಸುರೀತಾರೆ. ಹಳೇದು ಹೊಸದನ್ನೂ ಬೇಗ ಕೆಡಿಸುತ್ತೆ. ಆಲೂಗಡ್ಡೆ ನೀರಂಶ, ಹಿಟ್ಟಿನ ಉಪ್ಪು, ತಳದಲ್ಲಿ ಕಪ್ಪಾಗೋ ಕಡಲೆಹಿಟ್ಟಿನ ಚೂರು, ಎಲ್ಲ ಸೇರಿ ಎಣ್ಣೆ ಒಡೀತಾ ಹೋಗುತ್ತೆ. ಹಿಟ್ಟಿಗೆ ಸೋಡಾ ಜಾಸ್ತಿ ಬಿದ್ದರೆ ಬೋಂಡ ಉಬ್ಬುತ್ತೆ, ಆದರೆ ಎಣ್ಣೆ ಹೀರುತ್ತೆ. ಕಾಗದದ ಮೇಲೆ ಒತ್ತಿ ನೋಡಿ, ಗೊತ್ತಾಗುತ್ತೆ.

ಕೆಟ್ಟ ಎಣ್ಣೆ ಗುರುತಿಸೋಕೆ ಯಂತ್ರ ಬೇಕಿಲ್ಲ. ಬೋಂಡ ತೆಗೆದ ಮೇಲೂ ನೊರೆ ಇಳಿಯಲ್ಲ. ಉರಿ ಸಣ್ಣ ಇದ್ದರೂ ಹೊಗೆ ಬರುತ್ತೆ. ಬಾಣಲೆ ಅಂಚಿನಲ್ಲಿ ಕಂದು ಅಂಟು ಕಟ್ಟಿ ಸೋಪಿಗೂ ಬಿಡಲ್ಲ. ಈ ಮೂರರಲ್ಲಿ ಒಂದು ಕಂಡರೂ ಆ ಎಣ್ಣೆ ಮುಗಿದ ಹಾಗೆ. ಬಣ್ಣ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಮೆಣಸಿನಪುಡಿ ಬಿದ್ದರೆ ಹೊಸ ಎಣ್ಣೆಯೂ ಕೆಂಪಾಗುತ್ತೆ.

ನನ್ನ ಅಭಿಪ್ರಾಯ: ಕರಿದಿದ್ದು ತಿಂಗಳಿಗೆ ಒಂದು ಸಲ ಇರಲಿ, ಹಬ್ಬದ ದಿನಕ್ಕೆ. ಅವತ್ತು ಹೊಸ ಎಣ್ಣೆ ಅನ್ನೋದು ಷರತ್ತು.

ಆಹಾರ ಪ್ರಯೋಗಾಲಯದ ನಿವೃತ್ತರು, 6ನೇ ಅಡ್ಡರಸ್ತೆ
ಮೇಲಿನದಕ್ಕೆ ಕಾನೂನಿನ ಆಧಾರವೂ ಇದೆ. ಕರಿಯುವ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಕಾದು ಒಡೆದಾಗ ಹುಟ್ಟುವ ವಸ್ತುಗಳು) ಶೇ 25 ದಾಟಿದರೆ ಬಳಸುವಂತಿಲ್ಲ. 2018ರ ಜುಲೈಯಿಂದ ಜಾರಿಯಲ್ಲಿದೆ. ಶುಕ್ರವಾರದ ಪಫ್ಸ್ ಬಗ್ಗೆ ಒಂದು ಮಾತು: ಎಣ್ಣೆ-ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಮಿತಿ 2022ರ ಜನವರಿಯಿಂದ ಶೇ 2ಕ್ಕೆ ಇಳಿದಿದೆ. ಆದ್ದರಿಂದ "ನಮ್ಮಲ್ಲಿ ಟ್ರಾನ್ಸ್ ಫ್ಯಾಟ್ ಇಲ್ಲ" ಎಂದು ಬೇಕರಿಯವರು ಹೇಳಿದರೆ ಅದು ನಿಜವೇ ಇರಬಹುದು. ಆದರೆ ಪದರ ಬರಲು ಗಟ್ಟಿ ಕೊಬ್ಬು ಬೇಕೇಬೇಕು, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು. ಪ್ರಶ್ನೆ ಕೇಳುವಾಗ ಎರಡನ್ನೂ ಕೇಳಿ.

ಸಭೆಯಲ್ಲಿ ಮೇಜಿನ ಮೇಲೆ ಇಡಬೇಕಾದ್ದು ಶಾಲಾ ಮಕ್ಕಳ ಸುರಕ್ಷಿತ ಆಹಾರ ಮತ್ತು ಸಮತೋಲಿತ ಆಹಾರದ ಕುರಿತ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮಾವಳಿ, 2020. ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಫ್ಯಾಟ್, ಸೇರಿಸಿದ ಸಕ್ಕರೆ ಅಥವಾ ಸೋಡಿಯಂ ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನ್, ಮೆಸ್, ಹಾಸ್ಟೆಲ್ ಅಡುಗೆಮನೆಯಲ್ಲಿ ಮಕ್ಕಳಿಗೆ ಮಾರುವಂತಿಲ್ಲ. ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೂ ಇಲ್ಲ. ಅಂಥ ತಿನಿಸಿನ ಜಾಹೀರಾತೂ ಇಲ್ಲ. ಶಾಲೆಯೇ ಅಡುಗೆ ಮಾಡಿಸಿದರೆ ಶಾಲೆಗೆ, ಗುತ್ತಿಗೆ ಕೊಟ್ಟರೆ ಗುತ್ತಿಗೆದಾರರಿಗೆ ನೋಂದಣಿ ಅಥವಾ ಪರವಾನಗಿ ಇರಲೇಬೇಕು.

ಆ ಸಂಖ್ಯೆ 14 ಅಂಕಿಯದು. 1ರಿಂದ ಶುರುವಾದರೆ ಪರವಾನಗಿ, 2ರಿಂದ ಆದರೆ ನೋಂದಣಿ. ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ನೋಡಿದರೆ ಯಾರ ಹೆಸರಲ್ಲಿದೆ, ಯಾವ ವಿಳಾಸಕ್ಕೆ, ಚಾಲ್ತಿಯಲ್ಲಿದೆಯೇ ಎಲ್ಲ ಗೊತ್ತಾಗುತ್ತದೆ. ಬೇಕರಿಯ ಸಂಖ್ಯೆಯನ್ನೇ ಅಡುಗೆಮನೆಯದು ಎಂದು ತೋರಿಸುವುದುಂಟು, ಆದ್ದರಿಂದ ವಿಳಾಸ ಹೋಲಿಸಿ ನೋಡಿ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಮಾತ್ರ ದೂರು. ಎಫ್‌ಎಸ್‌ಎಸ್‌ಎಐನ 1800112100ಕ್ಕೆ ಕರೆ ಮಾಡಬಹುದು, ಅಥವಾ ಆಹಾರ ಸುರಕ್ಷತೆಯ ಜಿಲ್ಲಾ ಅಂಕಿತ ಅಧಿಕಾರಿಗೆ ಲಿಖಿತ ಅರ್ಜಿ. ಅಧಿಕಾರಿ ಮಾದರಿ ತೆಗೆದು ನಾಲ್ಕು ಭಾಗ ಮಾಡಿ ಮುದ್ರೆ ಹಾಕುತ್ತಾರೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ನಾವೇ ಡಬ್ಬಿಯಲ್ಲಿ ಹಾಕಿಕೊಂಡು ಹೋದ ತುಂಡು ಬೋಂಡಕ್ಕೆ ಆ ಬೆಲೆ ಬರುವುದಿಲ್ಲ.

3ನೇ ಅಡ್ಡರಸ್ತೆ ಪೋಷಕರು
50 ಮೀಟರ್ ಅಂದರೆ ಗೇಟ್ ಎದುರಿನ ಗೋಬಿ ಗಾಡಿಯೂ ಬರುತ್ತಲ್ಲ. ಅದನ್ನು ಎತ್ತಿಸೋಕೆ ಒಂದು ಅರ್ಜಿ ಕೊಡೋಣ.

ವಕೀಲರು, 5ನೇ ಅಡ್ಡರಸ್ತೆ
ಎತ್ತಿಸುವ ಮಾತು ಬೇಡ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಪಟ್ಟಣ ವ್ಯಾಪಾರ ಸಮಿತಿ ಇದೆ. ನಿವಾಸಿಗಳ ಗುಂಪು ಹೋಗಿ ಗಾಡಿ ತಳ್ಳಿಸುವುದು ಕಾನೂನಿಗೂ ಸರಿಯಲ್ಲ, ನ್ಯಾಯಕ್ಕೂ ಸರಿಯಲ್ಲ. ಅವರ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇಬ್ಬರು ಹೋಗಿ ಎರಡು ವಿಷಯ ಮಾತಾಡಿ. ಒಂದು ಬಣ್ಣ: ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ಸಿಕ್ಕ ಮೇಲೆ ಬಂದ ಆದೇಶ ಅದು. ಇನ್ನೊಂದು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಬೇಯಿಸಿದ ಜೋಳ, ಸೀಬೆಹಣ್ಣು, ಚುರುಮುರಿ ಇಟ್ಟರೆ ನಾವೇ ಕೊಳ್ಳುತ್ತೇವೆ ಎನ್ನಿ. ಗೋಬಿಯನ್ನು ಸಂಜೆ ಆರರ ಮೇಲೆ ಮುಖ್ಯರಸ್ತೆಯಲ್ಲಿ ಮಾರಲಿ. ಪತ್ರಿಕೆ ಕಾಗದದಲ್ಲಿ ಕಟ್ಟಿ ಕೊಡುವುದನ್ನೂ ನಿಲ್ಲಿಸಲು ಹೇಳಿ, ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಬಿಡುತ್ತದೆ.

ಅಡುಗೆ ಗುತ್ತಿಗೆ ಮಾಡುವವರು, 1ನೇ ಮುಖ್ಯರಸ್ತೆ
ಬದಲಿ ಪಟ್ಟಿ. 180 ಮಕ್ಕಳಿಗೆ, ಇಬ್ಬರು ಅಡುಗೆಯವರು, ಎರಡು ಒಲೆ ಅಂತ ಇಟ್ಟುಕೊಂಡಿದೀನಿ.

ಸೋಮವಾರ ಕಡಲೆಕಾಳು ಉಸುಳಿ. ಒಣಕಾಳು 5 ಕೆಜಿ, ನೆನೆದು ಬೆಂದರೆ 10 ಕೆಜಿ ಮೇಲೆ ಆಗುತ್ತೆ, ತಲೆಗೆ 60 ಗ್ರಾಂ ಹತ್ತಿರ ಬಂತು. ರಾತ್ರಿ ಮೂರು ಪಟ್ಟು ನೀರಲ್ಲಿ 8 ಗಂಟೆ ನೆನೆಸಬೇಕು. ಮಾರ್ಚ್-ಏಪ್ರಿಲ್ ಸೆಖೆಯಲ್ಲಿ ಸಂಜೆ ಐದಕ್ಕೇ ನೆನೆಹಾಕಿ ಹೋದರೆ ಬೆಳಗ್ಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತೆ. ರಾತ್ರಿ ಹತ್ತರ ಮೇಲೆ ಹಾಕಬೇಕು, ಆಗದಿದ್ದರೆ ನಡುವೆ ಒಂದು ಸಲ ನೀರು ಬದಲಿಸಬೇಕು. ಕುಕ್ಕರ್‌ನಲ್ಲಿ ಅರ್ಧಕ್ಕಿಂತ ಮೇಲೆ ಕಾಳು ತುಂಬಬೇಡಿ, ಸಿಪ್ಪೆ ಎದ್ದು ವಾಲ್ವ್ ಕಟ್ಟಿಕೊಳ್ಳುತ್ತೆ. ಕಾಳು ಎರಡು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಗಟ್ಟಿ ಉಳಿದರೆ ಸಣ್ಣ ಮಕ್ಕಳು ಉಗುಳಿಬಿಡ್ತಾರೆ, ಆಮೇಲೆ "ಮಕ್ಕಳಿಗೆ ಕಾಳು ಇಷ್ಟ ಇಲ್ಲ" ಅನ್ನೋ ಮಾತು ಬರುತ್ತೆ. ಒಗ್ಗರಣೆಗೆ 200 ಮಿಲಿ ಎಣ್ಣೆ, ಸಾಸಿವೆ, ಇಂಗು, ಕರಿಬೇವು. ಉಪ್ಪು 90 ಗ್ರಾಂ ತೂಕ ಮಾಡಿಯೇ ಹಾಕಿ. ಕಾಯಿತುರಿ ನಾಲ್ಕು ಕಾಯಿಯದು, ಬಡಿಸೋಕೆ ಸ್ವಲ್ಪ ಮುಂಚೆ. ಮೊದಲೇ ಬೆರೆಸಿ ಮುಚ್ಚಿಟ್ಟರೆ ಹಳಸೋದು ಕಾಯಿಯಿಂದಲೇ.

ಮಂಗಳವಾರ ರಾಗಿ ಮಾಲ್ಟ್, ಜೊತೆಗೆ ಹುರಿಗಡಲೆ. ತಲೆಗೆ 150 ಮಿಲಿ: ರಾಗಿ ಹಿಟ್ಟು 1.8 ಕೆಜಿ, ನೀರು 20 ಲೀಟರ್, ಹಾಲು 7 ಲೀಟರ್, ಬೆಲ್ಲ 1 ಕೆಜಿ. ಹಿಟ್ಟನ್ನು ತಣ್ಣೀರಲ್ಲಿ ಕದಡಿಕೊಂಡು ಕುದಿಯೋ ನೀರಿಗೆ ಹುಯ್ಯಬೇಕು, ಒಣಹಿಟ್ಟು ಉದುರಿಸಿದರೆ ಗಂಟು ಖಂಡಿತ. ಹತ್ತು ನಿಮಿಷ ಕುದಿಸಿ, ಹಸಿ ವಾಸನೆ ಹೋಗಲಿ. ಬೆಲ್ಲ ಬೇರೆ ಕರಗಿಸಿ, ಸೋಸಿ, ಒಲೆ ಆರಿಸಿದ ಮೇಲೆ ಸೇರಿಸಿ. ಕುದಿಯೋ ಹಾಲಿಗೆ ಬಿದ್ದರೆ ಒಡೆಯುತ್ತೆ. ಸರ್ಕಾರಿ ಶಾಲೆಗಳಲ್ಲಿ 2024ರ ಫೆಬ್ರವರಿಯಿಂದ ಹಾಲಿನ ಜೊತೆ ರಾಗಿ ಮಿಶ್ರಣ ಕೊಡ್ತಿದಾರೆ. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಬುಧವಾರ ಅವಲಕ್ಕಿ, ಕ್ಯಾರೆಟ್ ಬಟಾಣಿ ಹಾಕಿ. ಗುರುವಾರ ಇಡ್ಲಿ, ಚಟ್ನಿಪುಡಿ. ಕಾಯಿಚಟ್ನಿ ಬೇಡ, ಸಾಗಿಸಿ ಬಡಿಸುವಷ್ಟರಲ್ಲಿ ಕೆಡುತ್ತೆ. ಶುಕ್ರವಾರ ಏಲಕ್ಕಿ ಬಾಳೆಹಣ್ಣು, ಬೇಯಿಸಿದ ಹೆಸರುಕಾಳು.

ಆಹಾರತಜ್ಞೆ, 4ನೇ ಅಡ್ಡರಸ್ತೆ
ತುಂಬ ಒಳ್ಳೆ ಪಟ್ಟಿ. ಬೆಲ್ಲದ ಬಗ್ಗೆ ಮಾತ್ರ ಎಚ್ಚರ: ಲೆಕ್ಕಕ್ಕೆ ಬೆಲ್ಲವೂ ಸಕ್ಕರೆಯೇ. 1 ಕೆಜಿ ಅಂದರೆ ತಲೆಗೆ 5–6 ಗ್ರಾಂ, ಅಷ್ಟಕ್ಕೆ ನಿಲ್ಲಲಿ. "ಬೆಲ್ಲ ಒಳ್ಳೇದು" ಅಂತ ಎರಡು ಕೆಜಿ ಸುರಿದರೆ ನಾವು ಬಿಸ್ಕತ್ತು ತೆಗೆಸಿದ್ದೇ ವ್ಯರ್ಥ.

ಮಕ್ಕಳ ವೈದ್ಯೆ, 7ನೇ ಅಡ್ಡರಸ್ತೆ
ಕೆಲವು ಸೇರ್ಪಡೆ. ಪೂರ್ವ ಪ್ರಾಥಮಿಕದ ಮಕ್ಕಳಿಗೆ ಇಡೀ ಹುರಿಗಡಲೆ, ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಹುರಿಗಡಲೆ ಪುಡಿ ಮಾಡಿ ಮಾಲ್ಟ್‌ಗೇ ಸೇರಿಸಿ. ಕಡಲೆಬೀಜ, ಹಾಲು, ಎಳ್ಳಿನ ಅಲರ್ಜಿ ಇರುವ ಮಕ್ಕಳ ಹೆಸರು ತರಗತಿವಾರು ಬರೆದು ಬಡಿಸುವ ಜಾಗದಲ್ಲೇ ಅಂಟಿಸಿರಬೇಕು, ಕಚೇರಿ ಕಡತದಲ್ಲಿದ್ದರೆ ಸಾಲದು.

ಇನ್ನು ಶಾಖ. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಬೆಳಗ್ಗೆ ಆರಕ್ಕೆ ಮಾಡಿ ಹತ್ತೂವರೆಗೆ ಬಡಿಸಿದರೆ ನಡುವೆ ನಾಲ್ಕೂವರೆ ಗಂಟೆ. ಚಿತ್ರಾನ್ನದಂಥ ಅನ್ನದ ತಿಂಡಿಯನ್ನು ಪಟ್ಟಿಗೆ ಸೇರಿಸದಿರುವುದು ಒಳ್ಳೆಯದಾಯಿತು: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಚಿಗುರಿ ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಉಸುಳಿ, ಮಾಲ್ಟ್ ಎರಡೂ ಶಾಖ ಹಿಡಿಯುವ ಡಬ್ಬಿಯಲ್ಲಿ ಬರಲಿ. ಒಂದು ಪ್ರೋಬ್ ಥರ್ಮಾಮೀಟರ್ ಕೊಂಡು, ಬಡಿಸುವ ಮುನ್ನ 60ರ ಮೇಲಿದೆಯೇ ನೋಡಿ ಪುಸ್ತಕದಲ್ಲಿ ಬರೆಯಲಿ. ಆಮೇಲೆ ಮಕ್ಕಳ ಲೋಟಕ್ಕೆ ಹಾಕಿ ಆರಿಸಿ ಕೊಡಬೇಕು, ಬಿಸಿಬಿಸಿ ಮಾಲ್ಟ್ ಪುಟ್ಟ ಕೈಗೆ ಕೊಡಬಾರದು. ಶುಕ್ರವಾರದ ಹೆಸರುಕಾಳು ಮೊಳಕೆ ಬರಿಸಿದ್ದಾದರೂ ಹಬೆಯಲ್ಲಿ ಬೇಯಿಸಿಯೇ ಕೊಡಿ, ಹಸಿ ಬೇಡ.

ಯುಕೆಜಿ ಪೋಷಕರು, 2ನೇ ಅಡ್ಡರಸ್ತೆ
ಖರ್ಚು ಜಾಸ್ತಿ, ಶುಲ್ಕ ಏರಿಸ್ತೀವಿ ಅಂದರೆ?

ಅಡುಗೆ ಗುತ್ತಿಗೆ ಮಾಡುವವರು, 1ನೇ ಮುಖ್ಯರಸ್ತೆ
ಈಗ ಬಿಸ್ಕತ್ತು ₹5, ಜ್ಯೂಸ್ ₹10, ಎಂಆರ್‌ಪಿಯಲ್ಲಿ ತಲೆಗೆ 15. ಉಸುಳಿಗೆ ಕಾಳು ಕೆಜಿಗೆ ₹100 ಹಿಡಿದರೂ 500, ಕಾಯಿ 200, ಎಣ್ಣೆ-ಒಗ್ಗರಣೆ 80, ಗ್ಯಾಸ್ 70. ಒಟ್ಟು 850, ತಲೆಗೆ ಐದು ರೂಪಾಯಿ ಒಳಗೆ. ಅಡುಗೆಯವರ ಕೂಲಿ ಬೇರೆ, ನಿಜ. ಬಿಸ್ಕತ್ತಿಗೆ ಕೆಲಸ ಇಲ್ಲ, ಉಸುಳಿಗೆ ಇದೆ. ಶಾಲೆ ಹಿಂಜರಿಯೋದು ಸಾಮಾನಿನ ದುಡ್ಡಿಗಲ್ಲ, ಆ ಎರಡು ಜೊತೆ ಕೈಗೆ. ಉಳಿದ ಹತ್ತು ರೂಪಾಯಿಯಲ್ಲಿ ಕೂಲಿ ಕೊಡಿ ಅಂತ ನಾವೇ ಲೆಕ್ಕ ತೋರಿಸಬೇಕು.

ಗುಂಪಿನ ನಿರ್ವಾಹಕರು
ಪತ್ರದಲ್ಲಿ ಬರುವುದು ಇಷ್ಟು: ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಮೇಲಿನ ಐದು ದಿನದ ಪಟ್ಟಿ. ಅಡುಗೆಮನೆಯ 14 ಅಂಕಿ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕುವುದು. ಶಾಖದ ಪುಸ್ತಕ, ಅಲರ್ಜಿ ಪಟ್ಟಿ. ತಿಂಗಳಿಗೊಮ್ಮೆ ಇಬ್ಬರು ಪೋಷಕರು ಮುಂಚೆ ಹೇಳದೆ ಅಡುಗೆಮನೆ ನೋಡಲು ಅನುಮತಿ. ಒಂದೇ ಸಲ ಐದೂ ದಿನ ಕಷ್ಟ ಅಂದರೆ ಸೋಮವಾರ, ಮಂಗಳವಾರ ಮೊದಲು ಬದಲಾಗಲಿ, ಆ ಎರಡನ್ನು ಬಿಟ್ಟುಕೊಡುವುದು ಬೇಡ. ಮಕ್ಕಳ ಹುಟ್ಟುಹಬ್ಬಕ್ಕೆ ನಾವೇ ಕಳಿಸುವ ಚಾಕೊಲೇಟು, ಕೇಕು ನಿಲ್ಲಿಸಿ ಹಣ್ಣು ಕಳಿಸುತ್ತೇವೆ ಅಂತ ನಮ್ಮ ಕಡೆಯ ಒಪ್ಪಿಗೆಯನ್ನೂ ಸೇರಿಸುತ್ತೇನೆ. ಸಹಿಗೆ ಪತ್ರ ಈ ಶುಕ್ರವಾರ ಸಂಜೆ ಏಳರವರೆಗೆ ಉದ್ಯಾನದ ಗೇಟಿನ ಬಳಿ ಇರುತ್ತೆ. ಗಾಡಿಯವರ ಜೊತೆ ಮಾತಿಗೆ ವಕೀಲರೂ ಗುತ್ತಿಗೆಯವರೂ ಹೋಗಲಿ, ಬೇರೆ ಯಾರೂ ಬೇಡ.

ಆಹಾರ ಪ್ರಯೋಗಾಲಯದ ನಿವೃತ್ತರು, 6ನೇ ಅಡ್ಡರಸ್ತೆ
ಬುಧವಾರದ ಬಟಾಣಿಗೆ ಒಂದು ಸೂಚನೆ. ಒಣ ಹಸಿರು ಬಟಾಣಿಗೆ ಬಣ್ಣ ಕಟ್ಟಿರುವುದುಂಟು. ಒಂದು ಹಿಡಿ ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಅರ್ಧ ಗಂಟೆ ಬಿಡಿ. ನೀರು ಹಸಿರಾದರೆ ಆ ಚೀಲ ವಾಪಸು ಕಳಿಸಿ. ಅಡುಗೆಯವರಿಗೆ ಪತ್ರದ ಜೊತೆ ಇದನ್ನೂ ಬರೆದುಕೊಡಿ, ಚೀಲ ಬಿಚ್ಚುವ ದಿನವೇ ನೋಡಲಿ.