ಆಂಜಿಯೋಗ್ರಾಮ್‌ಗೆ ಕಲಬುರಗಿ ಜಯದೇವ ಹೃದ್ರೋಗ ಆಸ್ಪತ್ರೆ ಸಾಕಾ, ಬೆಂಗಳೂರಿಗೇ ಹೋಗಬೇಕಾ?

ಭೀಮಾತೀರ: ನಮ್ಮದು ಶಹಾಪುರದ ಹತ್ತಿರ. ಅಪ್ಪನಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಕೂತರೆ ಕಡಿಮೆಯಾಗುತ್ತದೆ. ಡಾಕ್ಟ್ರು ಆಂಜಿಯೋಗ್ರಾಮ್ (ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ನೋಡೋ ಪರೀಕ್ಷೆ) ಮಾಡಿಸಿ ಅಂದಿದ್ದಾರೆ. ಬಿಪಿಎಲ್ ಕಾರ್ಡ್ ಇದೆ. ಸೋದರಮಾವ ಮಾತ್ರ ಸರ್ಕಾರಿ ಆಸ್ಪತ್ರೆ ಬೇಡವೇ ಬೇಡ ಅಂತ ಕೂತಿದ್ದಾರೆ.

ಹಳೇಬೇರು: ಮಾವನಿಗೆ ಒಂದ್ಸಲ ಕಲಬುರಗಿಯ ಕಟ್ಟಡ ತೋರಿಸಿ! 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ 371 ಹಾಸಿಗೆಯ ಆಸ್ಪತ್ರೆ ಅದು (ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಅದೇ ಸಂಖ್ಯೆ). ಆಂಜಿಯೋಗ್ರಾಮ್, ಸ್ಟೆಂಟ್ (ಬ್ಲಾಕ್ ಆದ ರಕ್ತನಾಳ ತೆರೆದಿಡೋ ಸಣ್ಣ ಕೊಳವೆ) ಎಲ್ಲಾ ಅಲ್ಲೇ ಆಗುತ್ತದೆ, ಸುಮ್ನೆ ರಾತ್ರಿಯಿಡೀ ಬಸ್ಸಲ್ಲಿ ಹೃದ್ರೋಗಿಯನ್ನು ಕೂರಿಸಿಕೊಂಡು ಬೆಂಗಳೂರಿಗೆ ಯಾಕೆ? ಜಯದೇವ ಸರ್ಕಾರದ ಸ್ವಾಯತ್ತ ಸಂಸ್ಥೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ 'ಮೊದಲು ಚಿಕಿತ್ಸೆ, ದುಡ್ಡು ಆಮೇಲೆ' ಅನ್ನೋದನ್ನೇ ಪದ್ಧತಿ ಮಾಡಿದರು. ಅದಕ್ಕೇ ಜನ ಅಷ್ಟು ನಂಬೋದು.

ಕಡತಪ್ರಿಯ: ಆಧಾರ್, ರೇಷನ್ ಕಾರ್ಡ್, ಹಳೇ ಇಸಿಜಿ ಮರೀಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್‌ಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) 30% ಮಾತ್ರ ಸರ್ಕಾರ ಕೊಡುತ್ತೆ. ಬೆಳಗ್ಗೆ ಬೇಗ ಹೋಗಿ, ಚೀಟಿ ಮಾಡಿಸೋ ಸಾಲು ಉದ್ದ ಇರುತ್ತೆ.

ನರ್ಸಕ್ಕ: ಕೂತಾಗಲೂ ನೋವು ಬಂದರೆ, ಬೆವರಿದರೆ, ಗ್ಯಾಸ್ ಅಂತ ಸೋಡಾ ಕುಡಿಸಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡಾಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೊರಗಡೆ ಅದಕ್ಕೆ ಸಾವಿರಗಟ್ಟಲೆ ಆಗುತ್ತೆ.

ಭೀಮಾತೀರ: ಥ್ಯಾಂಕ್ಸ್ ಅಕ್ಕ. ಕಲಬುರಗಿಗೇ ಹೋಗ್ತೀವಿ. ಮಾವನೂ ಬರ್ತಾರಂತೆ, ಬೈಯೋಕೆ.