ಅಂಗೈಗೆ ಹೊಂದುವ ಚಿಕ್ಕ ಬೇಟ್‌ಕಾಸ್ಟಿಂಗ್ ರೀಲ್ ಯಾವುದು?

ಪ್ರಶ್ನೆ: ನನ್ನ ಕೈ ಚಿಕ್ಕದು. ಕೆರೆಯಲ್ಲಿ ಕೊರವ ಮೀನಿಗೆ ಕಪ್ಪೆಯಾಕಾರದ ಲೂರ್ (ಕೃತಕ ಎರೆ) ಎಸೆಯುವಾಗ, 200 ಗಾತ್ರದ ಬೇಟ್‌ಕಾಸ್ಟಿಂಗ್ ರೀಲಿನ (ರಾಡಿನ ಮೇಲ್ಬದಿಗೆ ಕೂರುವ, ದಾರ ಸುತ್ತುವ ಸಾಧನ) ಮೇಲೆ ಹೆಬ್ಬೆರಳು ಸಲೀಸಾಗಿ ಕೂರುವುದಿಲ್ಲ. ಅದಕ್ಕಿಂತ ಚಿಕ್ಕದಾದ ಶಿಮಾನೊ ಕುರಾಡೊ 70 ರೀಲ್ ಕೊಳ್ಳುವುದು ಸೂಕ್ತವೇ?

ಉತ್ತರ 1: ತೂಕಕ್ಕಿಂತ ಮೊದಲು ಚೌಕಟ್ಟಿನ ಎತ್ತರ ಮತ್ತು ಅಗಲವನ್ನು ಗಮನಿಸಿ. ರೀಲನ್ನು ರಾಡಿಗೆ ಜೋಡಿಸಿ, ರಾಡಿನ ಟ್ರಿಗರ್ (ಹಿಡಿಯ ಕೆಳಗಿನ ಕೊಕ್ಕೆಯಂಥ ಚಾಚು) ಮಧ್ಯದ ಬೆರಳು ಹಾಗೂ ಉಂಗುರದ ಬೆರಳುಗಳ ನಡುವೆ ಬರುವಂತೆ ಹಿಡಿದಾಗ, ಹಿಡಿತ ಬದಲಿಸದೆಯೇ ಹೆಬ್ಬೆರಳಿನಿಂದ ಕ್ಲಚ್ (ದಾರ ಬಿಡಿಸುವ ಗುಂಡಿ) ಒತ್ತಿ ಅದೇ ಬೆರಳನ್ನು ಸ್ಪೂಲಿನ (ದಾರ ಸುತ್ತಿರುವ ಉರುಳೆ) ಮೇಲೆ ಊರಲು ಸಾಧ್ಯವಾದರೆ ಆ ರೀಲ್ ನಿಮಗೆ ಹೊಂದುತ್ತದೆ. ಅಂಗಡಿಯಲ್ಲಿ ಬರಿಯ ರೀಲನ್ನು ಹಿಡಿದು ನೋಡಿದರೆ ಏನೂ ತಿಳಿಯದು.

ಉತ್ತರ 2: ಸುಮಾರು 190 ಗ್ರಾಂ ತೂಗುವ ಕುರಾಡೊ 70 ಅಂಗೈಯಲ್ಲಿ ಚೆನ್ನಾಗಿ ಅಡಗುತ್ತದೆಯಾದರೂ, ಸ್ಪೂಲ್ ಚಿಕ್ಕದಾದ್ದರಿಂದ ದಪ್ಪ ಮೊನೊ (ಒಂದೇ ಎಳೆಯ) ದಾರ ಹೆಚ್ಚು ಹಿಡಿಸುವುದಿಲ್ಲ. ಜೊಂಡಿನ ನಡುವಿನಿಂದ ಕೊರವವನ್ನು ಎಳೆಯಲು ಹೇಗೂ ಬ್ರೇಡ್ (ಹೆಣೆದ ದಾರ) ಬೇಕು. ಅಷ್ಟೇ ಬಲಕ್ಕೆ ಅದು ತೆಳ್ಳಗಿರುವುದರಿಂದ ಈ ಕೊರತೆ ಕಾಡದು. ಅಡಿಯಲ್ಲಿ ನಾಲ್ಕಾರು ಸುತ್ತು ಮೊನೊ ಹಾಕಿಕೊಳ್ಳಿ, ಇಲ್ಲವಾದರೆ ಬ್ರೇಡ್ ಸ್ಪೂಲಿನ ಮೇಲೆ ಇಡಿಯಾಗಿ ಜಾರಬಹುದು.

ಉತ್ತರ 3: ಹಿಡಿಕೆಯ ಬದಿಯನ್ನು ಕೇಳಿಯೇ ಕೊಳ್ಳಿ. 70 ಎಂದರೆ ಬಲಗೈಯಲ್ಲಿ ತಿರುಗಿಸುವುದು, 71 ಎಂದರೆ ಎಡಗೈಯಲ್ಲಿ. ಸ್ಪಿನ್ನಿಂಗ್ ರೀಲಿನಲ್ಲಿ (ರಾಡಿನ ಕೆಳಗೆ ಕೂರುವ ಬಗೆ) ಬದಿ ಬದಲಿಸಬಹುದು, ಇದರಲ್ಲಿ ಆಮೇಲೆ ಬದಲಿಸಲಾಗದು.