ಪದ: ಪೆಕ್ಟಸ್ ಎಕ್ಸ್‌ಕವೇಟಮ್‌ಗೆ ಕನ್ನಡ? (ಕರಪತ್ರಕ್ಕೆ, ಇವತ್ತೇ ಬೇಕು)

ಸಂಜೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ: ಎದೆಯ ನಡುಭಾಗ ಒಳಕ್ಕೆ ತಗ್ಗಿರುವ ಈ ಸ್ಥಿತಿಗೆ ಗುಳಿಯೆದೆ. ‘ಎದೆಗುಳಿ’ ಬೇಡ. ಕೆನ್ನೆಗುಳಿಯ ಹಾಗೆ ಅದು ಬರೀ ಗುಳಿಯ ಹೆಸರಾಗುತ್ತದೆ. ಇಲ್ಲಿ ಹೇಳಬೇಕಿರುವುದು ಎದೆ ಎಂಥದ್ದು ಅಂತ. ಮುಂದಕ್ಕೆ ಚಾಚಿದ್ದರೆ ಉಬ್ಬೆದೆ.

‘ಗುಳಿವಕ್ಷ’ ಸೂಚಿಸಿದವರಿಗೆ: ಕನ್ನಡದ ‘ಗುಳಿ’ಗೆ ಸಂಸ್ಕೃತದ ‘ವಕ್ಷ’ (ಎದೆ) ಬೆಸೆದ ಅರಿಸಮಾಸ. ಚರ್ಚೆಯೇ ಬೇಡ.

ನನಗೆ ಸಿಟ್ಟು ಬಂದಿದ್ದು ‘ಜನ್ಮಜಾತ ವಕ್ಷವಿಕೃತಿ’ ಅನ್ನುವ ಸೂಚನೆ ನೋಡಿ. ಎತ್ತರ ಬೆಳೆಯುವ ವಯಸ್ಸಲ್ಲೇ ಈ ಗುಳಿ ಜಾಸ್ತಿ ಆಳವಾಗುವುದು. ಅಂದರೆ ಕರಪತ್ರ ಓದುವವರು 13-14ರ ಮಕ್ಕಳು, ಹುಡುಗರೇ ಹೆಚ್ಚು. ಈಜುವಾಗಲೂ ಅಂಗಿ ಬಿಚ್ಚಲು ನಾಚುವ ಹುಡುಗನ ಕೈಗೆ ‘ವಿಕೃತಿ’ ಅಂತ ಅಚ್ಚು ಹಾಕಿ ಕೊಡುತ್ತೀರಾ? ಇವತ್ತು ಆ ಪದ ಎಂಥವರಿಗೆ ಬಳಕೆಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ‘ಹುಟ್ಟಿನಿಂದ ಬಂದ ಎದೆಗೂಡಿನ ಆಕಾರ ವ್ಯತ್ಯಾಸ’ ಅನ್ನಿ. ಉದ್ದವಾದರೂ ಪರವಾಗಿಲ್ಲ.

ಇನ್ನು ಉಸಿರಿನ ತೊಂದರೆಗೆ ಯಾವ ಪದ ಅನ್ನುವುದು. ‘ಉಬ್ಬಸ’ ಹಾಕಲೇಬೇಡಿ. ಓದಿದವರು ಅಸ್ತಮಾ ಅಂದುಕೊಂಡು ಇನ್‌ಹೇಲರ್ ಹುಡುಕುತ್ತಾರೆ. ಅಸ್ತಮಾದಲ್ಲಿ ಕಿರಿದಾಗುವುದು ಉಸಿರಿನ ಕೊಳವೆ. ಇಲ್ಲಿ ಪಕ್ಕೆಲುಬಿನ ಮೆದುಮೂಳೆ ಅಡ್ಡಾದಿಡ್ಡಿ ಬೆಳೆದು ಎದೆಮೂಳೆ ಒಳಕ್ಕೆ ತಗ್ಗುತ್ತದೆ. ಗುಳಿ ಆಳವಾಗಿದ್ದರೆ ಶ್ವಾಸಕೋಶಕ್ಕೂ ಗುಂಡಿಗೆಗೂ ಜಾಗ ಸಾಲದು. ಸುಮ್ನೆ ಕೂತಾಗ ಏನೂ ಗೊತ್ತಾಗದೆ ಇರಬಹುದು. ಓಡಿದಾಗ, ಮೆಟ್ಟಿಲು ಹತ್ತಿದಾಗ ಜೊತೆಯವರಿಗಿಂತ ಬೇಗ ಸುಸ್ತಾಗುತ್ತದೆ, ಉಸಿರು ಸಾಲದಾಗುತ್ತದೆ. ಅದಕ್ಕೆ ‘ಏದುಸಿರು’ ಇದೆ ಅಲ್ವಾ? ‘ಮೇಲುಸಿರು’ ಬೇಡ. ಮನೆಯವರು ಹೆದರಿಬಿಡುತ್ತಾರೆ.

‘ದಮ್ಮು’ ಪಾರಸಿ, ಹೊರಗಿಡಿ ಅನ್ನುವ ವಾದ ಒಪ್ಪಲಾರೆ. ಅದನ್ನು ಬಿಡಬೇಕಾದ ಕಾರಣ ಬೇರೆ. ಕೆಮ್ಮು-ದಮ್ಮು ಅಂತ ಜೊತೆಯಲ್ಲಿ ಹೇಳುವಾಗ ಅದೂ ಅಸ್ತಮಾವೇ. ಹುಟ್ಟು ನೋಡಿ ಪದ ತಳ್ಳುವವರು ‘ವಕ್ಷ’ವನ್ನು ಮಾತ್ರ ಒಳಗೆ ಬಿಟ್ಟುಕೊಂಡಿದ್ದೀರಲ್ಲ, ಸಂಸ್ಕೃತಕ್ಕೊಂದು ನ್ಯಾಯ, ಪಾರಸಿಗೊಂದು ನ್ಯಾಯವೇ?

ಪೆಕ್ಟಸ್ ಎಕ್ಸ್‌ಕವೇಟಮ್ ಅನ್ನುವುದೂ ಒಂದು ಸಲ ಇರಲಿ. ಮಗುವಿನ ರಿಪೋರ್ಟಿನಲ್ಲಿ ಇರುವುದು ಅದೇ. ‘ಹ್ಯಾಲರ್ ಇಂಡೆಕ್ಸ್’ಗೆ ಹೊಸ ಹೆಸರು ಕಟ್ಟಬೇಡಿ, ಅದು ಏನೆಂದು ಬಿಡಿಸಿ ಹೇಳಿ: ಎದೆಗೂಡಿನ ಒಳಗಿನ ಅಗಲವನ್ನು ಎದೆಮೂಳೆಗೂ ಬೆನ್ನುಮೂಳೆಗೂ ಇರುವ ಅಂತರದಿಂದ ಭಾಗಿಸಿದರೆ ಬರುವ ಸಂಖ್ಯೆ. 3.25 ದಾಟಿದರೆ ಗುಳಿ ತೀವ್ರ ಅಂತ ಸಾಮಾನ್ಯವಾಗಿ ಲೆಕ್ಕ.